ತಮ್ಮನ ಜೊತೆ ಏಳು ತಿಂಗಳು ಓಡಾಡಿದ ಕ್ಲಿನಿಕ್: ನಾಲ್ಕು ಸ್ಟಾರ್, ಐದನೆಯದು ಯಾಕಿಲ್ಲ ಅಂತ ಹೇಳುತ್ತೇನೆ

ಮೊದಲೇ ಹೇಳಿಬಿಡುತ್ತೇನೆ, ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಹೆಸರಿಲ್ಲದ ವಿಮರ್ಶೆ ಯಾರಿಗೆ ಬೇಕು ಅಂತ ಕೇಳಬಹುದು, ಕೇಳುವುದು ನ್ಯಾಯವೇ. ಆದರೆ ಅದು ನನ್ನ ತಮ್ಮ ಹಾಕಿದ ಷರತ್ತು. ಬರೆದದ್ದನ್ನು ಅವನಿಗೆ ತೋರಿಸಿಯೇ ಹಾಕಬೇಕು ಅನ್ನುವುದು ಎರಡನೇ ಷರತ್ತು. ಓದಿ ಎರಡು ಪ್ಯಾರಾ ಹೊಡೆದು ಹಾಕಿದ್ದಾನೆ, ಹಾಗಾಗಿ ಎಲ್ಲಾದರೂ ಕತೆ ದಿಢೀರ್ ಅಂತ ಜಿಗಿದ ಹಾಗೆ ಅನ್ನಿಸಿದರೆ ಅಲ್ಲಿ ಅವನ ಕತ್ತರಿ ಆಡಿದೆ ಅಂದುಕೊಳ್ಳಿ. ಹೆಸರಿಲ್ಲದಿದ್ದರೂ ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಇದೆ. ಹದಿಹರೆಯದ ಹುಡುಗನಿಗೆ ಗಾಂಜಾ, ವೇಪ್ (ಇ-ಸಿಗರೇಟ್), ಆಗಾಗ ಕುಡಿತ, ಇದರ ಜೊತೆಗೆ ಮನಸ್ಸಿನ ತೊಂದರೆಯೂ ಇದ್ದಾಗ ಎಂಥ ಜಾಗಕ್ಕೆ ಹೋಗಬೇಕು, ಎಂಥ ಜಾಗದಿಂದ ಎದ್ದು ಬರಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ನಾವು ಕೆಟ್ಟ ಜಾಗದಿಂದಲೇ ಶುರು ಮಾಡಿದೆವು.

ಆ ಮೊದಲ ಜಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಳಗೆ ಕೂತ ತಕ್ಷಣ ತಮ್ಮನಿಗೆ ಕೊಳೆತ ಶ್ವಾಸಕೋಶದ ಚಿತ್ರ ತೋರಿಸಿದರು. ಅಪ್ಪ, ಅಮ್ಮ, ನಾನು, ಮೂವರ ಎದುರಿಗೇ ಅವನಿಗೆ "ಇವರ ಮುಖ ನೋಡು, ನಾಚಿಕೆ ಆಗಲ್ವಾ?" ಅಂದರು. ಅವನಿಗೆ ಆಗ 17. ರಾತ್ರಿ ನಿದ್ದೆ ಇಲ್ಲ, ಊಟ ಬೇಡ, ಕ್ರಿಕೆಟ್ ಬಿಟ್ಟು ಒಂದು ವರ್ಷ ಆಗಿತ್ತು, ಬದುಕಿ ಏನು ಮಾಡಬೇಕು ಅನ್ನುವ ಮಾತು ಎರಡು ಸಲ ನನ್ನ ಹತ್ತಿರ ಆಡಿದ್ದ. ಇದನ್ನು ಹೇಳಿದೆ. "ಮೊದಲು ಗಾಂಜಾ ಬಿಡಲಿ, ಆಮೇಲೆ ಮನಸ್ಸಿನ ವಿಷಯ ನೋಡೋಣ" ಅಂದರು. ಸರಿ, ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಅವರು "ಚಟ ಬಿಡಿಸಿಕೊಂಡು ಬನ್ನಿ, ಅದಿರುವಾಗ ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ" ಅಂದರು. ಇವರು ಅವರ ಕಡೆ ತೋರಿಸುವುದು, ಅವರು ಇವರ ಕಡೆ ತೋರಿಸುವುದು, ಹೀಗೆ ಮೂರು ತಿಂಗಳು ಹೋಯಿತು. ಆ ಮೂರು ತಿಂಗಳು ಅವನು ದಿನಾ ಸೇದುತ್ತಿದ್ದ.

ಈಗ ವಿಮರ್ಶೆಗೆ ಬರುತ್ತೇನೆ. ಈ ಕ್ಲಿನಿಕ್ 12ರಿಂದ 24 ವರ್ಷದವರಿಗೆ ಅಂತಲೇ ಇರುವುದು. ರಾತ್ರಿ ಉಳಿಯುವ ಹಾಗಿಲ್ಲ, ಹೋಗಿ ಬಂದು ಮಾಡುವ ಚಿಕಿತ್ಸೆ. ಒಂದೇ ಸೂರಿನ ಕೆಳಗೆ ಮನೋವೈದ್ಯರು, ಕೌನ್ಸೆಲರ್, ಮನೆಯವರ ಜೊತೆ ಮಾತಾಡುವವರು, ಎಲ್ಲರೂ ಒಂದೇ ಫೈಲ್ ಓದುತ್ತಾರೆ. ಕೇಳಲು ಸಣ್ಣ ವಿಷಯ. ಆದರೆ ನಮಗೆ ಬೇಕಾಗಿದ್ದದ್ದು ಅದೊಂದೇ. ಚಟ ಮತ್ತು ಖಿನ್ನತೆ ಎರಡನ್ನೂ ಒಟ್ಟಿಗೆ, ಒಂದೇ ತಂಡ, ಮೊದಲ ದಿನದಿಂದ. ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಹಳೆಯ ಪದ್ಧತಿಯನ್ನು ತಿಳಿದವರು ಕೈಬಿಟ್ಟು ಕಾಲವಾಯಿತಂತೆ. ಸುದ್ದಿ ಎಲ್ಲರಿಗೂ ತಲುಪಿಲ್ಲ, ಅಷ್ಟೇ.

ಮೊದಲ ಭೇಟಿ ಒಂದೂವರೆ ಗಂಟೆ. ಡಾಕ್ಟರ್ ಅವನಿಗೆ ಕೇಳಿದ ಮೊದಲ ಪ್ರಶ್ನೆ ಗಾಂಜಾದ ಬಗ್ಗೆ ಅಲ್ಲ. "ನಿಮ್ಮನ್ನ ನೀನು ಅನ್ನಲಾ, ನೀವು ಅನ್ನಲಾ?" ತಮ್ಮ ಒಂದು ನಿಮಿಷ ಯೋಚಿಸಿ "ನೀನು ಪರವಾಗಿಲ್ಲ" ಅಂದ. ಅಷ್ಟರಲ್ಲೇ ನನಗೆ ಅರ್ಧ ಸ್ಟಾರ್ ಕೊಡಬೇಕು ಅನ್ನಿಸಿತು. ಆಮೇಲೆ ನಮ್ಮೆಲ್ಲರನ್ನೂ ಹೊರಗೆ ಕಳಿಸಿದರು. ಕಳಿಸುವ ಮೊದಲು ನಮ್ಮೆದುರಿಗೇ ನಿಯಮ ಹೇಳಿದರು: ಅವನು ಹೇಳಿದ್ದು ನಮಗೆ ಬರುವುದಿಲ್ಲ. ಅವನ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ಅವನಿಗೆ ಹಿಂಸೆ ಮಾಡುತ್ತಿದ್ದರೆ ಮಾತ್ರ ಬರುತ್ತದೆ. ಅಪ್ಪನ ಮುಖ ನೋಡಬೇಕಿತ್ತು. "ಮಗ ನಮ್ಮವನು, ಗುಟ್ಟು ಅವರ ಹತ್ತಿರಾನಾ?" ಅಂತ ಕಾರಿಡಾರಿನಲ್ಲಿ ಹತ್ತು ನಿಮಿಷ ಓಡಾಡಿದರು.

ಒಳಗೆ ಏನು ಕೇಳಿದರು ಅಂತ ತಮ್ಮ ಆಮೇಲೆ ಅವನಾಗೇ ಹೇಳಿದ. ಕ್ರಾಫ್ಟ್ ಅಂತ ಆರು ಪ್ರಶ್ನೆಗಳ ಒಂದು ಪಟ್ಟಿ ಇದೆ, 1999ರಲ್ಲಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ವೈದ್ಯರು ಪ್ರಕಟಿಸಿದ್ದು, 12ರಿಂದ 21 ವರ್ಷದವರಿಗಾಗಿಯೇ. ನಶೆಯಲ್ಲಿರುವವರು ಓಡಿಸುವ ಕಾರಿನಲ್ಲಿ ಯಾವಾಗಾದರೂ ಕೂತಿದ್ದೀಯಾ, ನೀನೇ ಹಾಗೆ ಓಡಿಸಿದ್ದೂ ಸೇರಿಸಿ ಹೇಳು. ಮನಸ್ಸು ಹಗುರ ಮಾಡಿಕೊಳ್ಳಲು ಅಥವಾ ಗುಂಪಿಗೆ ಸೇರಿಕೊಳ್ಳಲು ತೆಗೆದುಕೊಳ್ಳುತ್ತೀಯಾ. ಒಬ್ಬನೇ ಇದ್ದಾಗ ತೆಗೆದುಕೊಳ್ಳುತ್ತೀಯಾ. ಆಗ ಏನು ಮಾಡಿದೆ ಅನ್ನುವುದು ಮರೆತು ಹೋಗುತ್ತದಾ. ಮನೆಯವರು, ಸ್ನೇಹಿತರು ಕಡಿಮೆ ಮಾಡು ಅಂದಿದ್ದಾರಾ. ಅದರಿಂದ ಪೇಚಿಗೆ ಸಿಕ್ಕಿದ್ದೀಯಾ. ಎರಡಕ್ಕೆ ಹೌದು ಅಂದರೂ ಇನ್ನಷ್ಟು ಸರಿಯಾಗಿ ನೋಡಬೇಕು ಅಂತ ಲೆಕ್ಕ. ತಮ್ಮ ಸಿಕ್ಕಿಬಿದ್ದದ್ದು ಮೂರನೇ ಪ್ರಶ್ನೆಗೆ. "ಅಕ್ಕಾ, ನಾನು ಯಾವಾಗಲೂ ಒಬ್ಬನೇ ಸೇದೋದು. ಫ್ರೆಂಡ್ಸ್ ಹಾಳು ಮಾಡಿದ್ರು ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ನಂಗೆ ಫ್ರೆಂಡ್ಸೇ ಇಲ್ಲ." ಎರಡು ವರ್ಷದಿಂದ ನಾವು ಇಲ್ಲದ ಸ್ನೇಹಿತರನ್ನು ಬೈಯುತ್ತಾ ಕೂತಿದ್ದೆವು.

ಪತ್ತೆ ಮಾಡುವ ರೀತಿಯೂ ನನಗೆ ಹಿಡಿಸಿತು. ವೈದ್ಯರು ಬಳಸುವ ಕೈಪಿಡಿಯ 2013ರ ಆವೃತ್ತಿಯಲ್ಲಿ 11 ಲಕ್ಷಣಗಳಿವೆ: ಅಂದುಕೊಂಡದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದು, ಬಿಡಲು ಹೋಗಿ ಆಗದಿರುವುದು, ತೀರದ ತುಡಿತ, ಓದು ಅಥವಾ ಕೆಲಸ ಕೆಡುವುದು, ಇಷ್ಟದ ಹವ್ಯಾಸ ಬಿಟ್ಟುಹೋಗುವುದು, ಹೀಗೆ. ಒಂದು ವರ್ಷದಲ್ಲಿ ಎರಡು ಮೂರು ಇದ್ದರೆ ಅಲ್ಪ, ನಾಲ್ಕು ಐದು ಇದ್ದರೆ ಮಧ್ಯಮ, ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೀವ್ರ. ತಮ್ಮನಿಗೆ ಐದು. ಅಂದರೆ ಅದು ಅಳೆಯುವ ವಿಷಯ. ಹುಡುಗ ಕೆಟ್ಟವನೋ ಒಳ್ಳೆಯವನೋ ಅನ್ನುವುದು ಅಲ್ಲಿ ಎಲ್ಲೂ ಬರುವುದಿಲ್ಲ. "ವ್ಯಸನಿ" ಅನ್ನುವ ಪದ ಏಳು ತಿಂಗಳಲ್ಲಿ ಅಲ್ಲಿನ ಒಬ್ಬರ ಬಾಯಲ್ಲೂ ಕೇಳಲಿಲ್ಲ. ಕಾಯುವ ಕಡೆ ಕೂತಿದ್ದ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳಿದೆ, ಅದು ಬೇರೆ ಮಾತು.

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದರು, ಯಾವಾಗ, ಹೇಗೆ, ಏನಾದರೂ ತಯಾರಿ ಮಾಡಿದ್ದೆಯಾ ಅಂತಲೂ. ಅಮ್ಮನಿಗೆ ಗಾಬರಿ, ಹೀಗೆಲ್ಲ ಕೇಳಿ ತಲೆಗೆ ಹುಳ ಬಿಟ್ಟರೆ? ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ, ಇದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಅಂತ ಡಾಕ್ಟರ್ ಸಮಾಧಾನವಾಗಿ ಹೇಳಿದರು. ಅವತ್ತೇ ಮನೆಯ ಮಾತ್ರೆಗಳನ್ನೆಲ್ಲ ಬೀಗ ಹಾಕಿ ಇಡಿ ಅಂದರು, ಅಪ್ಪನ ಬಿಪಿ ಮಾತ್ರೆಯನ್ನೂ ಸೇರಿಸಿ.

ಇನ್ನು ಕತೆಯ ಬೇರು. ಡಾಕ್ಟರ್ ಒಂದು ಹಾಳೆಯ ಮೇಲೆ ಗೆರೆ ಎಳೆದು ವಯಸ್ಸು ಬರೆದು, ಮನಸ್ಸು ಯಾವಾಗಿಂದ ಮಂಕಾಯಿತು, ಗಾಂಜಾ ಯಾವಾಗ ಬಂತು ಅಂತ ತಮ್ಮನ ಕೈಯಲ್ಲೇ ಗುರುತು ಹಾಕಿಸಿದರು. ಮಂಕು 13ಕ್ಕೆ. ಗಾಂಜಾ 15ಕ್ಕೆ. ನಾವು ಮನೆಯಲ್ಲಿ ಇಷ್ಟು ದಿನ ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದೆವು. ತಲೆಯೊಳಗಿನ ನೋವಿಗೆ ತಾನೇ ಔಷಧ ಹುಡುಕಿಕೊಳ್ಳುವುದು ಅನ್ನುವ ವಿಚಾರವನ್ನು 1985ರಲ್ಲೇ ಎಡ್ವರ್ಡ್ ಖಾಂಟ್ಜಿಯನ್ ಅನ್ನುವ ಮನೋವೈದ್ಯರು ಬರೆದಿದ್ದರಂತೆ. ಎಲ್ಲರ ಕತೆಯೂ ಹಾಗೇ ಇರುವುದಿಲ್ಲ, ಕೆಲವರಿಗೆ ನಶೆಯೇ ಮೊದಲು, ಮಂಕು ಆಮೇಲೆ, ಅಂಥವರಲ್ಲಿ ಬಿಟ್ಟು ಮೂರು ನಾಲ್ಕು ವಾರಕ್ಕೆ ಮನಸ್ಸು ತಾನಾಗೇ ತಿಳಿಯಾಗುವುದೂ ಉಂಟು. ಅದಕ್ಕೇ ಆ ಗೆರೆ ಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, ಜೀವನದಲ್ಲಿ ಯಾವಾಗಲಾದರೂ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಭಾಗ 24ರೊಳಗೆ ಶುರುವಾಗುತ್ತವೆ ಅಂತ ಕಂಡುಬಂತು. ನಶೆಯ ರುಚಿ ನೋಡುವ ವಯಸ್ಸೂ ಅದೇ, ಅಲ್ವಾ? ಎರಡೂ ಒಂದೇ ಬಾಗಿಲಿನಿಂದ ಬಂದರೆ ಆಶ್ಚರ್ಯ ಏನಿದೆ.

ಮಿದುಳಿನ ಪಾಠವೂ ಆಯಿತು. ಹಣೆಯ ಹಿಂದಿನ ಭಾಗ, ಮುಂದಾಲೋಚನೆ ಮಾಡುವ ಭಾಗ, 25ರ ಹತ್ತಿರದವರೆಗೂ ಬಲಿಯುತ್ತಲೇ ಇರುತ್ತದೆ. ಖುಷಿ ಹುಡುಕುವ ಭಾಗ ಅದಕ್ಕಿಂತ ಬೇಗ ಚುರುಕಾಗುತ್ತದೆ. ಆಕ್ಸಿಲರೇಟರ್ ಮತ್ತು ಬ್ರೇಕ್ ಹೋಲಿಕೆ ಕೊಟ್ಟರು. ಅದನ್ನು ಎಲ್ಲರೂ ಕೊಡುತ್ತಾರೆ. ತಮ್ಮ ಆಕಳಿಸಿದ. ಅವನ ಕಿವಿ ನೆಟ್ಟಗಾದದ್ದು ವೇಪ್ ವಿಷಯಕ್ಕೆ ಬಂದಾಗ. ನಿಕೋಟಿನ್ ದೇಹದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಇಳಿದಾಗ ಚಡಪಡಿಕೆ, ಒಂದು ಎಳೆದರೆ ಚಡಪಡಿಕೆ ಹೋಗುತ್ತದೆ, ಆಗ ವೇಪ್ ಆತಂಕ ಕಡಿಮೆ ಮಾಡಿತು ಅನ್ನಿಸುತ್ತದೆ, ನಿಜವಾಗಿ ಅದು ತಾನೇ ತಂದಿಟ್ಟ ಆತಂಕವನ್ನು ತಾನೇ ತೆಗೆದದ್ದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವ ಹಾಗೆ ಆಗುವುದು ಪರೀಕ್ಷೆಯ ಭಯಕ್ಕೆ ಅಂತ ತಮ್ಮ ನಂಬಿದ್ದ. ರಾತ್ರಿಯಿಡೀ ನಿಕೋಟಿನ್ ಇಲ್ಲದೆ ಹಾಗಾಗುತ್ತಿತ್ತು. ಬೇರೆ ಕಡೆ ವೇಪ್ ಅಂದರೆ "ಅದು ಬಿಡಿ, ದೊಡ್ಡದನ್ನು ನೋಡೋಣ" ಅನ್ನುತ್ತಾರೆ. ಇಲ್ಲಿ ಅದನ್ನೂ ಪಟ್ಟಿಗೆ ಹಾಕಿದರು. ಇದಕ್ಕೆ ಪೂರ್ತಿ ಅಂಕ.

ಬಿಡುವ ವಾರಕ್ಕೆ ಮೊದಲೇ ಒಂದು ಹಾಳೆ ಕೊಟ್ಟರು, ಏನೇನಾಗುತ್ತದೆ ಅಂತ. ಗಾಂಜಾ ಬಿಟ್ಟ ಒಂದೆರಡು ದಿನದಲ್ಲಿ ಸಿಡಿಮಿಡಿ, ಹಸಿವಿಲ್ಲ, ನಿದ್ದೆ ಇಲ್ಲ, ವಿಚಿತ್ರ ಕನಸುಗಳು. ಮೊದಲ ವಾರ ಜಾಸ್ತಿ, ಎರಡು ವಾರಕ್ಕೆ ಬಹುಪಾಲು ಇಳಿಯುತ್ತದೆ, ನಿದ್ದೆ ಮಾತ್ರ ಇನ್ನೂ ಸ್ವಲ್ಪ ದಿನ ಕಾಡುತ್ತದೆ. ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ ಅಂತ ಹೇಳುವವರು ಈಗಲೂ ಇದ್ದಾರೆ; 11 ಲಕ್ಷಣಗಳ ಆ ಕೈಪಿಡಿಯಲ್ಲೇ 2013ರವರೆಗೆ ಗಾಂಜಾ ಬಿಟ್ಟಾಗಿನ ಈ ತೊಂದರೆಗೆ ಜಾಗ ಇರಲಿಲ್ಲ. ನಾಲ್ಕನೇ ದಿನ ತಮ್ಮ ಬಾಗಿಲಿಗೆ ಒದ್ದಾಗ ಅಮ್ಮ ಅಳುವ ಬದಲು ಫ್ರಿಜ್ ಮೇಲೆ ಅಂಟಿಸಿದ್ದ ಹಾಳೆ ಹತ್ತಿರ ಹೋಗಿ "ಇದೆ, ಬರೆದಿದ್ದಾರೆ, ನಾಲ್ಕನೇ ದಿನ" ಅಂದರು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು, ಯಾಕೆಂದರೆ ಅವರೂ ಒತ್ತಿ ಹೇಳಿದರು. ಗಾಂಜಾದ ಹಾಳೆ ಕುಡಿತಕ್ಕೆ ನಡೆಯುವುದಿಲ್ಲ. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ, ನಡುಕ, ಜ್ವರ ಏರಿ ಜೀವಕ್ಕೇ ಅಪಾಯ ಆಗಬಹುದು. ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳಲ್ಲಿ ಬೆಂಜೋಡಯಜೆಪಿನ್ ಗುಂಪಿನವನ್ನು ಚಟ ಮಾಡಿಕೊಂಡವರಿಗೂ ಅಷ್ಟೇ, ವೈದ್ಯರ ಕಣ್ಣೆದುರು ನಿಧಾನವಾಗಿ ಇಳಿಸಬೇಕು. ಅಫೀಮಿನ ಜಾತಿಯ ಮಾದಕಗಳದ್ದು ಇನ್ನೊಂದು ಬಗೆಯ ಅಪಾಯ: ಕೆಲವು ವಾರ ಬಿಟ್ಟವರ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಹೋಗಿರುತ್ತದೆ, ಮತ್ತೆ ಹಳೆಯಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಉಸಿರನ್ನು ವಾಪಸ್ ತರುವ ನಲೋಕ್ಸೋನ್ ಸ್ಪ್ರೇ ಮೂಗಿಗೆ ಹೇಗೆ ಹೊಡೆಯಬೇಕು ಅಂತ ಮನೆಯವರೆಲ್ಲರಿಗೂ ಬೊಂಬೆಯ ಮೇಲೆ ಕಲಿಸಿದರು. ನಮ್ಮವನಿಗೆ ಅದು ಬೇಕಿರಲಿಲ್ಲ. ಆದರೂ ಕಲಿತೆ.

ಮಾತ್ರೆ ವಿಷಯದಲ್ಲಿ ಆತುರ ಮಾಡಲಿಲ್ಲ. ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಮಾಡಿಸಿದರು. ಧ್ವನಿ ಕೇಳಿಸುತ್ತದಾ, ಯಾರೋ ಹಿಂಬಾಲಿಸುತ್ತಾರೆ ಅನ್ನಿಸುತ್ತದಾ ಅಂತ ಕೇಳಿದರು. ಯಾಕೆ ಅಂದರೆ, 1987ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಸುಮಾರು 45,000 ಯುವ ಸೈನಿಕರನ್ನು 15 ವರ್ಷ ಗಮನಿಸಿದಾಗ, ಗಾಂಜಾವನ್ನು 50ಕ್ಕಿಂತ ಜಾಸ್ತಿ ಸಲ ಸೇದಿದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಬರುವ ಕಾಯಿಲೆ) ಬರುವುದು ಆರು ಪಟ್ಟು ಇತ್ತು. ಸೇದಿದವರಿಗೆಲ್ಲ ಬರುತ್ತದೆ ಅಂತಲ್ಲ. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರು, ದಿನಾ ಸೇದುವವರು, ಮನೆತನದಲ್ಲಿ ಆ ಕಾಯಿಲೆ ಇರುವವರು ಹೆಚ್ಚು ಎಚ್ಚರ ಇರಬೇಕು ಅಂತ ಅರ್ಥ. ಕೊನೆಗೆ ಖಿನ್ನತೆಗೆ ಮಾತ್ರೆ ಬರೆದಾಗ ಎರಡು ಮಾತು ಹೇಳಿದರು. ಕೆಲಸ ಮಾಡಲು ನಾಲ್ಕಾರು ವಾರ ಬೇಕು. ಮೊದಲ ವಾರಗಳಲ್ಲಿ ಕೆಲವು ಹುಡುಗರಿಗೆ ಸಾಯುವ ಯೋಚನೆ ಹೆಚ್ಚಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಈ ಎಚ್ಚರಿಕೆಯನ್ನು ಔಷಧದ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನೊಳಗೆ ಹಾಕಿಸಿತು, 2007ರಲ್ಲಿ ಅದನ್ನು 24 ವರ್ಷದವರೆಗೂ ವಿಸ್ತರಿಸಿತು. ಹಾಗಂತ ಮಾತ್ರೆ ಬೇಡ ಅಂತಲ್ಲ, ಕಣ್ಣಿಡಬೇಕು ಅಂತ. ಮೊದಲ ತಿಂಗಳು ವಾರಕ್ಕೊಂದು ಸಲ ಅವರೇ ಫೋನ್ ಮಾಡಿದರು. ಹೇಳಿ ಮಾಡದೇ ಇರುವವರನ್ನು ಸಾಕಷ್ಟು ನೋಡಿದ್ದೇನೆ. ಇವರು ಮಾಡಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೌನ್ಸೆಲರ್ ಮಾತಾಡುವ ರೀತಿ. ಎರಡನೇ ವಾರ ತಮ್ಮ ಒಪ್ಪಿದ ಮೇಲೆ ನಾನೂ ಒಳಗೆ ಕೂತಿದ್ದೆ. "ಬಿಡಬೇಕು ಅನ್ನೋದು ನಿನಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತು." ತಮ್ಮ "ಮೂರು" ಅಂದ. ನನ್ನ ರಕ್ತ ಕುದಿಯಿತು. ನಾನಾಗಿದ್ದರೆ ಮೂರೇನಾ, ಹತ್ತು ಯಾಕಲ್ಲ ಅಂತ ಕೇಳುತ್ತಿದ್ದೆ, ಅವನು ಎದ್ದು ಹೋಗುತ್ತಿದ್ದ. ಅವರು ಕೇಳಿದ್ದು "ಮೂರು ಯಾಕೆ, ಒಂದು ಯಾಕಲ್ಲ?" ತಮ್ಮ ತಡವರಿಸಿದ. ಆಮೇಲೆ ಕ್ರಿಕೆಟ್, ಉಸಿರು, ರಾತ್ರಿ ನಿದ್ದೆ, ಅಮ್ಮ, ಒಂದೊಂದೇ ಕಾರಣವನ್ನು ಅವನ ಬಾಯಿಂದಲೇ ಅವನೇ ಹೇಳಿದ. ಬಿಡಬೇಕು ಅನ್ನುವುದಕ್ಕೆ ನಾವು ಎರಡು ವರ್ಷ ಕೂಗಿ ಕೊಟ್ಟ ಕಾರಣಗಳು ಒಂದೂ ಆ ಪಟ್ಟಿಯಲ್ಲಿ ಇರಲಿಲ್ಲ. ಈ ಪದ್ಧತಿಯನ್ನು ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1983ರಲ್ಲಿ ಕುಡಿತದ ತೊಂದರೆ ಇದ್ದವರ ಜೊತೆಗಿನ ಕೆಲಸದಿಂದ ರೂಪಿಸಿದ್ದು. ಉಪದೇಶ ಮಾಡಿದಷ್ಟೂ ಎದುರಿಗಿರುವವನು ಎದುರು ವಾದ ಹೂಡುತ್ತಾನೆ, ಹೂಡಿದಷ್ಟೂ ಅದನ್ನೇ ನಂಬುತ್ತಾನೆ, ಆದ್ದರಿಂದ ಬದಲಾವಣೆಯ ಮಾತು ಅವನ ಬಾಯಿಂದ ಬರಲಿ ಅನ್ನುವುದು ಅದರ ತಿರುಳು.

ತುಡಿತ ಬಂದಾಗ ಅದರ ಜೊತೆ ಜಗಳ ಆಡದೆ ಗಡಿಯಾರ ನೋಡುತ್ತಾ ಕೂರುವುದನ್ನೂ ಕಲಿಸಿದರು. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇನ್ನೊಂದು ಚೀಟಿ ಡಬ್ಬಿ. ವಾರದ ಮೂತ್ರ ಪರೀಕ್ಷೆಯಲ್ಲಿ ನಶೆಯ ಗುರುತು ಸಿಗದಿದ್ದರೆ ಡಬ್ಬಿಯಿಂದ ಚೀಟಿ ಎತ್ತಬಹುದು. ಅರ್ಧ ಚೀಟಿಗಳಲ್ಲಿ ಬರೀ "ಭೇಷ್" ಅಂತ ಇರುತ್ತದೆ, ಕೆಲವದರಲ್ಲಿ ಸಣ್ಣ ಬಹುಮಾನ, ಒಂದರಲ್ಲಿ ದೊಡ್ಡದು. ಅಪ್ಪ ಇದಕ್ಕೆ "ಲಂಚ" ಅಂತ ಹೆಸರಿಟ್ಟರು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ನಶೆ ಕೈಗೆ ತಕ್ಷಣ ಸಿಗುವ ಖುಷಿ, ಬಿಟ್ಟದ್ದರ ಲಾಭ ಸಿಗುವುದು ತಿಂಗಳುಗಳಾದ ಮೇಲೆ, ಮಧ್ಯದ ಆ ಖಾಲಿಯನ್ನು ಏನಾದರೂ ತುಂಬಬೇಕಲ್ಲ. ಈ ಚೀಟಿ ಪದ್ಧತಿಗೆ ಒಳ್ಳೆಯ ಸಂಶೋಧನೆಯ ಬೆಂಬಲ ಇದೆ, ನಗು ಬಂದರೂ ಸರಿ. ತಮ್ಮನಿಗೆ ಐದು ಸಲ "ಭೇಷ್" ಬಂತು. ಅವುಗಳನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ.

ಮನೆಯವರ ತರಗತಿ ಪ್ರತಿ ಶನಿವಾರ. ಹೋಗಲು ಮನಸ್ಸಿರಲಿಲ್ಲ, ತೊಂದರೆ ಅವನದು, ಪಾಠ ನಮಗಾ? ಅಲ್ಲಿ ಹೇಳಿದ್ದು ಇಷ್ಟು: ಅವನು ನಶೆಯಲ್ಲಿದ್ದಾಗ ವಾದ ಬೇಡ, ತಿಳಿಯಾಗಿದ್ದಾಗ ಮಾತಾಡಿ. ಸರಿಯಾಗಿದ್ದ ದಿನ ಅದನ್ನು ಗಮನಿಸಿ ಹೇಳಿ. ಅವನು ತಪ್ಪಿಸಿಕೊಂಡ ಕ್ಲಾಸಿಗೆ ನೀವು ಸುಳ್ಳು ಕಾರಣ ಬರೆದುಕೊಡಬೇಡಿ, ಅದರ ಫಲ ಅವನೇ ನೋಡಲಿ. ಜೇಬು ತಡಕುವುದು ನಿಲ್ಲಿಸಿ. ಮನೆಯಲ್ಲೇ ಪರೀಕ್ಷೆ ಕಿಟ್ ತಂದು ಪೊಲೀಸ್ ಆಗಬೇಡಿ. ಎರಡನೇ ಶನಿವಾರ ಮನೆತನದ ಇತಿಹಾಸ ಕೇಳಿದರು, ಯಾಕೆಂದರೆ ಚಟದ ಅಪಾಯದಲ್ಲಿ ಸುಮಾರು ಅರ್ಧ ಅನುವಂಶೀಯವಾಗಿ ಬರುವುದು. ಅಪ್ಪ ಎಂದಿನಂತೆ "ನಮ್ಮ ವಂಶದಲ್ಲೇ ಯಾರೂ ಮುಟ್ಟಿದವರಿಲ್ಲ" ಅಂದರು. ಅಮ್ಮ ತಲೆ ಎತ್ತದೆ "ನಿಮ್ಮ ಅಣ್ಣ?" ಅಂದರು. ದೊಡ್ಡಪ್ಪ ಹೋದದ್ದು ಲಿವರ್ ಕಾಯಿಲೆಯಿಂದ ಅಂತಷ್ಟೇ ನಮಗೆ ಗೊತ್ತಿತ್ತು. ಅವತ್ತು ಅಪ್ಪ ಮನೆಗೆ ಬರುವವರೆಗೂ ಮಾತಾಡಲಿಲ್ಲ. ರಾತ್ರಿ ತಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ನಾಲ್ಕನೇ ತಿಂಗಳು ಅವನು ಜಾರಿದ. ಅವನೇ ಹೋಗಿ ಹೇಳಿದ, ಪರೀಕ್ಷೆಗೆ ಮೊದಲೇ. ಮೊದಲು ಹೋಗಿದ್ದ ಜಾಗದ ನಿಯಮದ ಪ್ರಕಾರ ಒಂದು ಸಲ ಸಿಕ್ಕಿಬಿದ್ದರೆ ಹೆಸರು ಹೊಡೆದು ಹಾಕುತ್ತಿದ್ದರು. ಕಾಯಿಲೆ ಜಾಸ್ತಿ ಆಯಿತು ಅಂತ ರೋಗಿಯನ್ನು ಆಸ್ಪತ್ರೆಯಿಂದ ಓಡಿಸುವ ಹಾಗೆ. ಇಲ್ಲಿ ಆ ವಾರ ಒಂದು ಭೇಟಿ ಹೆಚ್ಚು ಕೊಟ್ಟರು. ಚಿಕಿತ್ಸೆ ಪಡೆದವರಲ್ಲಿ 40ರಿಂದ 60 ಶೇಕಡಾ ಜನ ಮತ್ತೆ ಜಾರುತ್ತಾರೆ, ಬಿಪಿ ಮತ್ತು ಆಸ್ತಮಾದಲ್ಲೂ ಚಿಕಿತ್ಸೆ ತಪ್ಪುವುದು ಹೆಚ್ಚುಕಡಿಮೆ ಅಷ್ಟೇ, ಅದಕ್ಕಿಂತ ಜಾಸ್ತಿಯೇ. ಯಾವ ದಿನ, ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನಾಯಿತು ಅಂತ ಕೂತು ಬರೆದರು. ಮೂರು ರಾತ್ರಿ ನಿದ್ದೆ ಕೆಟ್ಟಿತ್ತು, ಮಾತ್ರೆ ಎರಡು ದಿನ ಮರೆತಿದ್ದ. ಮುಂದಿನ ಮೂತ್ರ ಪರೀಕ್ಷೆಯಲ್ಲಿ ಮತ್ತೆ ಗಾಂಜಾ ತೋರಿಸಿದಾಗಲೂ ಕೂಗಾಡಲಿಲ್ಲ. ತುಂಬಾ ದಿನ ಸೇದಿದವರ ದೇಹದ ಕೊಬ್ಬಿನಲ್ಲಿ ಅದು ಕೂತಿರುತ್ತದೆ, ನಿಲ್ಲಿಸಿದ ಮೇಲೂ ವಾರಗಟ್ಟಲೆ ತೋರಿಸಬಹುದು ಅಂತ ಅವರಿಗೆ ಗೊತ್ತು.

ಈಗ ಬೈಯುವ ಭಾಗ. ಮೊದಲ ಭೇಟಿಗೆ ಐದು ವಾರ ಕಾಯಿಸಿದರು. ಬದುಕುವ ಆಸೆ ಇಲ್ಲ ಅಂತ ಹುಡುಗ ಹೇಳುತ್ತಿದ್ದಾನೆ ಅಂತ ಫೋನಿನಲ್ಲಿ ಹೇಳಿದರೂ ರಿಸೆಪ್ಷನ್‌ನಲ್ಲಿ ಅದನ್ನು ಬರೆದುಕೊಳ್ಳಲೇ ಇಲ್ಲ. ಇದು ಸಣ್ಣ ತಪ್ಪಲ್ಲ. ಭೇಟಿಯ ಸಮಯ ಎಲ್ಲವೂ ಕಾಲೇಜು ಹೊತ್ತಿನಲ್ಲೇ. ಓದು ಕೆಡದಂತೆ ನೋಡಿಕೊಳ್ಳಿ ಅಂತ ಹೇಳುವವರೇ ಮಂಗಳವಾರ ಹನ್ನೊಂದು ಗಂಟೆಗೆ ಬಾ ಅನ್ನುತ್ತಾರೆ. ಗುಂಪು ಚರ್ಚೆಯಲ್ಲಿ ಎರಡು ಸಲ ವೇಪ್ ಎಳೆದ 14ರ ಹುಡುಗನನ್ನೂ ಸೂಜಿ ಚುಚ್ಚಿಕೊಳ್ಳುವ 22ರವನನ್ನೂ ಒಂದೇ ಸುತ್ತಿನಲ್ಲಿ ಕೂರಿಸಿದರು. ಚಿಕ್ಕವನು ದೊಡ್ಡವನನ್ನು ಬಾಯಿ ಬಿಟ್ಟು ನೋಡುತ್ತಿದ್ದನಂತೆ. ತಮ್ಮ ಎರಡು ವಾರ ಹೋಗಿ ಬಿಟ್ಟ, ಬಿಟ್ಟದ್ದು ಒಳ್ಳೆಯದೇ ಆಯಿತು.

ಅವರ ಆ್ಯಪ್ ಬಗ್ಗೆ ಬೇರೆ ಪ್ಯಾರಾ ಬೇಕು. ದಿನಾ ಮನಸ್ಸು ಹೇಗಿದೆ ಅಂತ ನಗುಮುಖ, ಅಳುಮುಖ ಒತ್ತಬೇಕು, ಅದೇನೋ ಸರಿ. ಆದರೆ "ಇವತ್ತು ಗಾಂಜಾ ಬಳಸಿದಿರಾ?" ಅನ್ನುವ ನೋಟಿಫಿಕೇಶನ್ ಲಾಕ್ ಆದ ಸ್ಕ್ರೀನ್ ಮೇಲೆ ಪೂರ್ತಿ ಅಕ್ಷರದಲ್ಲಿ ಬರುತ್ತಿತ್ತು! ಕ್ಲಾಸಿನಲ್ಲಿ ಫೋನ್ ಬೆಂಚಿನ ಮೇಲಿತ್ತು, ಪಕ್ಕದವನು ಓದಿದ, ಮಧ್ಯಾಹ್ನದ ಹೊತ್ತಿಗೆ ಕಾಲೇಜಿಗೆಲ್ಲ ಗೊತ್ತಾಯಿತು. ಅಪ್ಪ ಅಮ್ಮನಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟ ಗುಟ್ಟನ್ನು ಅವರ ಆ್ಯಪ್ಪೇ ಊರಿಗೆಲ್ಲ ಸಾರಿತು. ದೂರು ಕೊಟ್ಟೆ, ಕ್ಷಮೆ ಕೇಳಿದರು, ಸರಿ ಮಾಡಲು ಮೂರು ವಾರ ತೆಗೆದುಕೊಂಡರು. ಇಂಥ ಆ್ಯಪ್ ಯಾವುದೇ ಇದ್ದರೂ ಹಾಕಿಸಿದ ಮೊದಲ ನಿಮಿಷವೇ ನೋಟಿಫಿಕೇಶನ್ ಬಂದ್ ಮಾಡಿ.

ಐದನೇ ಸ್ಟಾರ್ ಹೋದದ್ದು ಮಾತ್ರ ಬೇರೆ ಕಾರಣಕ್ಕೆ. ಆರನೇ ತಿಂಗಳು ಅವನಿಗೆ 18 ತುಂಬಿತು. ಬೋರ್ಡಿನ ಮೇಲೆ 24ರವರೆಗೆ ಅಂತ ಇದ್ದರೂ ಒಳಗೆ 18ಕ್ಕೆ ಒಂದು ಗೋಡೆ ಇದೆ, ಅತ್ತ ಕಡೆ ಬೇರೆ ಡಾಕ್ಟರ್, ಬೇರೆ ಕೌನ್ಸೆಲರ್. ಹುಟ್ಟುಹಬ್ಬ ಆದ ಮುಂದಿನ ಸೋಮವಾರ ಹೋದರೆ ಹೊಸಬರು ಹೊಸ ಹಾಳೆ ತೆಗೆದು "ಯಾವಾಗಿಂದ ಶುರು?" ಅಂದರು. ಫೈಲ್ ಮೇಜಿನ ಮೇಲೇ ಇತ್ತು, ತೆರೆದಿರಲಿಲ್ಲ. ಒಬ್ಬ ಮನುಷ್ಯನನ್ನು ನಂಬಲು ಈ ಹುಡುಗ ಎರಡು ತಿಂಗಳು ತೆಗೆದುಕೊಂಡಿದ್ದ. ಆ ಎರಡು ವಾರ ಅವನು ಹೋಗಲಿಲ್ಲ, ನಾನು ಹೋಗಿ ಜಗಳ ಆಡಿದೆ. ಕೊನೆಗೆ ಹಳೆಯ ಕೌನ್ಸೆಲರ್ ಮೂರು ತಿಂಗಳು ಹೊಸಬರ ಜೊತೆ ಕೂರುವುದು ಅಂತ ಆಯಿತು. ಜಗಳ ಆಡುವ ಅಕ್ಕ ಇಲ್ಲದವರು ಏನು ಮಾಡುತ್ತಾರೋ. ನೀವು ಎಲ್ಲಿಗೆ ಸೇರಿಸಿದರೂ ಮೊದಲ ದಿನವೇ ಇದನ್ನು ಕೇಳಿ: 18 ಆದಾಗ ಯಾರ ಕೈಗೆ ಒಪ್ಪಿಸುತ್ತೀರಿ, ಅವರನ್ನು ಮೊದಲೇ ಪರಿಚಯ ಮಾಡಿಸುತ್ತೀರಾ? ಜೊತೆಗೆ ಜಾರಿದರೆ ಏನು ಮಾಡುತ್ತೀರಿ ಅಂತಲೂ ಕೇಳಿ. "ನಮ್ಮಲ್ಲಿ ಯಾರೂ ಜಾರುವುದಿಲ್ಲ" ಅಂದರೆ ಎದ್ದು ಬನ್ನಿ.

18 ಆದದ್ದರಿಂದ ಇನ್ನೊಂದು ಬದಲಾಯಿತು. ಒಪ್ಪಿಗೆ ಪತ್ರಕ್ಕೆ ಈಗ ಅವನದೇ ಸಹಿ, ನಮ್ಮದು ಬೇಡ. ನನ್ನನ್ನು ಒಳಗೆ ಬಿಡಬೇಕೋ ಬೇಡವೋ ಅನ್ನುವ ಖಾನೆಯೂ ಅದರಲ್ಲೇ ಇದೆ. ಅವನು ಪೆನ್ನು ಹಿಡಿದು ನನ್ನ ಮುಖ ನೋಡಿದ, ನಕ್ಕ, "ತಿಂಗಳಿಗೊಂದು ಸಲ" ಅಂತ ಬರೆದ. ಈ ತಿಂಗಳದ್ದು ಆಗಿಹೋಗಿದೆ, ಹಾಗಾಗಿ ಇದನ್ನು ಕಾರಿಡಾರಿನಲ್ಲಿ, ಅಪ್ಪ ಓಡಾಡುತ್ತಿದ್ದ ಜಾಗದಲ್ಲೇ ಕೂತು ಬರೆಯುತ್ತಿದ್ದೇನೆ. ಕುರ್ಚಿಗಳು ಚೆನ್ನಾಗಿಲ್ಲ.